ಉಡಿಯಲ್ಲಿ ಬಂದ ಎರಡು ತಲೆಯ ಹಕ್ಕಿ

"ಇದು ನನ್ನ ಹಕ್ಕಿ ಅಲ್ಲ" ಎಂದು ಡಾಕ್ಟರ್ ಮುರುಗೆಪ್ಪ ಮೇಜು ಬಿಟ್ಟು ಎದ್ದು ಹೋದ ಮೇಲೆ ಮ್ಯೂಸಿಯಮ್ಮಿನಲ್ಲಿ ಯಾರೂ ಭೂಮಿಕಾಳ ಜೊತೆ ಮಾತಾಡಿರಲಿಲ್ಲ. ನಾನು ಮಾತಾಡಿದೆ. ಅದೇನೂ ನನ್ನ ದೊಡ್ಡ ಗುಣವಲ್ಲ, ಇನ್ಶೂರೆನ್ಸ್ ಕಂಪನಿ ನನಗೆ ಸಂಬಳ ಕೊಡುವುದೇ ಅದಕ್ಕೆ.

"ಪೆಟ್ಟಿಗೆ ತೆಗಿ," ಎಂದೆ.

ಅವಳು ಕೈಗವಸು ಹಾಕಿಕೊಂಡು ಬೀಟೆ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಕಪ್ಪು ಮಖಮಲ್ಲಿನ ಗೂಡು, ಗೂಡಿನಲ್ಲಿ ಅಂಗೈಯಷ್ಟು ಚಿನ್ನದ ಹಕ್ಕಿ. ಎರಡು ತಲೆ, ಒಂದು ಆ ಕಡೆ ನೋಡುತ್ತಿದೆ, ಒಂದು ಈ ಕಡೆ. ಎರಡೂ ಕೊಕ್ಕಿನಲ್ಲಿ ಒಂದೊಂದು ಹಾವು. ರೆಕ್ಕೆ ಬಿಚ್ಚಿದೆ, ಬಾಲ ಬೀಸಣಿಗೆಯಂತೆ ಹರಡಿದೆ.

"ಗಂಡಭೇರುಂಡ," ಎಂದಿತು ನನ್ನ ಬಾಯಿ. ಇಲ್ಲೇ ಬೆಲ್‌ರೋಸ್‌ನಲ್ಲಿ ಹುಟ್ಟಿ, ಹಿಲ್‌ಸೈಡ್ ಅವೆನ್ಯೂದಲ್ಲಿ ಅಮ್ಮನ ತರಕಾರಿ ಚೀಲ ಹೊತ್ತು ಬೆಳೆದವಳು ನಾನು. ಆದರೂ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಆ ಲಾಂಛನ ಕಣ್ಣಿನಿಂದ ಹೋಗಿಲ್ಲ.

"ಕನ್ನಡದವ್ರು ಎಲ್ಲಾರೂ ಹಂಗ ಅಂತಾರ್ರಿ ಮ್ಯಾಡಮ್," ಎಂದಳು ಭೂಮಿಕಾ. ಧಾರವಾಡದ ಹುಡುಗಿ. ಇಲ್ಲಿಗೆ ಓದಲು ಬಂದು, ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಕನ್ಸರ್ವೇಟರ್ ಕೆಲಸ ಹಿಡಿದವಳು. "ಡಾಕ್ಟ್ರು ಮ್ಯಾನ್‌ಹ್ಯಾಟನ್‌ನ ಡೀಲರ್ ಹತ್ರ ಇದನ್ನ ಕೊಂಡದ್ದೂ ಅದಕ್ಕ. ಮಾಡಿದವ್ರಿಗೆ ನಮ್ಮ ಗಂಡಭೇರುಂಡದ ಸುದ್ದೀನ ಗೊತ್ತಿಲ್ಲ. ಕೊಲಂಬಸ್ ಬರೂಕಿಂತ ಎಷ್ಟೋ ಮೊದಲು, ಕೋಸ್ಟರಿಕಾದ ದಕ್ಷಿಣಕ್ಕ, ಯಾರೋ ಜೇನುಮೇಣದಾಗ ಈ ಹಕ್ಕಿ ತಿದ್ದಿ, ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿ ಹ್ವಾದ ಜಾಗಾಕ್ಕ ಚಿನ್ನ ತಾಮ್ರ ಕೂಡಿಸಿ ಹೊಯ್ದಾರ. ಆಮ್ಯಾಲ ಹುಳಿ ಹಚ್ಚಿ ಮ್ಯಾಲಿನ ತಾಮ್ರ ತಗದು ಚಿನ್ನ ಒಂದ ಕಾಣೂಹಂಗ ಮಾಡ್ಯಾರ. ಅಂದ್ರ, ಒರಿಜಿನಲ್‌ನ. ಇದನ್ನಲ್ಲ."

ಮೇಲೆ ಚಿನ್ನ, ಒಳಗೆ ತಾಮ್ರ. ಅದನ್ನು ಕೇಳಿ ನನಗೆ ಮುರುಗೆಪ್ಪನವರ ನೆನಪಾಯಿತು. ಅದು ಅನ್ಯಾಯವಿರಬಹುದು.

ಗಾಜಿನ ಆಚೆ, ಮುಗಿದ ಪ್ರದರ್ಶನದ ವಸ್ತುಗಳನ್ನು ಕಿತ್ತು ಕಟ್ಟುತ್ತಿದ್ದರು. ಹಿಂಗಾಲುಗಳು ತಟ್ಟೆಯಷ್ಟು ಚಪ್ಪಟೆಯಾದ ಸಣ್ಣ ಕಪ್ಪೆಗಳು. ನಾಲಿಗೆ ಎರಡಾಗಿ ಸೀಳಿ, ಎರಡೂ ಸೀಳು ಹಾವಾಗಿ ಇಳಿದ ಒಂದು ದೊಡ್ಡ ಕಪ್ಪೆ. ಮೊಸಳೆಯ ಮುಖ ಹೊತ್ತ ಮನುಷ್ಯ, ಬಾವಲಿಯ ಮೂಗಿನ ಇನ್ನೊಬ್ಬ. ಹೊಟ್ಟೆಯೊಳಗೆ ಕಾಳು ಇಟ್ಟಿದ್ದರಿಂದ ಅಲುಗಿದಾಗೆಲ್ಲ ಸದ್ದು ಮಾಡುವ ಜಾಗ್ವಾರ್. ಬದುಕಿದ್ದಾಗ ಇವನ್ನೆಲ್ಲ ಎದೆಗೆ ಕಟ್ಟಿಕೊಂಡು ಕುಣಿದವರು ಸತ್ತ ಮೇಲೂ ಕಟ್ಟಿಕೊಂಡೇ ಮಣ್ಣಿಗೆ ಹೋದರು. ಪಕ್ಕದ ಫಲಕದಲ್ಲಿ 'ಇಂಥ ಕಡೆ ಸಿಕ್ಕಿದ್ದು' ಎಂದು ಬರೆದಿರುತ್ತಾರೆ. ಗೋರಿ ಅಗೆದು ತೆಗೆದದ್ದು ಎಂದು ಬರೆದದ್ದನ್ನು ನಾನು ಈವರೆಗೆ ನೋಡಿಲ್ಲ.

ಮ್ಯೂಸಿಯಮ್ಮಿನ ನಿರ್ದೇಶಕ ಟೋನಿ ಬೆಳಿಗ್ಗೆಯೇ ನನಗೆ ಹೇಳಿದ್ದ. ಆರು ತಿಂಗಳ ಪ್ರದರ್ಶನಕ್ಕೆ ಡಾಕ್ಟರು ಕಡ ಕೊಟ್ಟ ಹಕ್ಕಿಯನ್ನು ಅವರ ಮನೆಯಿಂದ ತಂದವಳು ಭೂಮಿಕಾ, ಅದನ್ನಿಟ್ಟ ಗಾಜಿನ ಕಪಾಟಿನ ಕೀ ಇದ್ದದ್ದೂ ಅವಳ ಹತ್ತಿರ ಮಾತ್ರ. ಸೋಮವಾರದೊಳಗೆ ನಿಜವಾದ ಹಕ್ಕಿ ಬರದಿದ್ದರೆ ಪೊಲೀಸರಿಗೆ ದೂರು. ಅವಳ ವೀಸಾ ಮ್ಯೂಸಿಯಮ್ಮಿನ ಹೆಸರಿನಲ್ಲಿದೆ. ಕೆಲಸ ಹೋದರೆ ದೇಶ ಬಿಡಬೇಕು, ಕಳ್ಳಿ ಎಂಬ ಹೆಸರು ಬಂದರೆ ಯಾವ ದೇಶದ ಮ್ಯೂಸಿಯಮ್ಮೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಇದನ್ನೆಲ್ಲ ಟೋನಿ ಬೇಗಲ್ ತಿನ್ನುತ್ತಾ ಹೇಳಿದ.

"ಡಾಕ್ಟರ ಮನೇಲಿ ಪೆಟ್ಟಿಗೆ ತೆಗೆದು ನೋಡಿದ್ಯಾ?" ಎಂದೆ.

"ಇಲ್ಲ."

"ಫೋಟೋ?"

"ಇಲ್ರಿ."

"ಅವರೆದುರಿಗೇ ತೆಗೆದು, ನೋಡಿ, ಫೋಟೋ ಹಿಡಿದು ತರಬೇಕು ಅನ್ನೋದು ನಿನ್ನ ಕೆಲಸದ ಮೊದಲನೇ ಪಾಠ ಅಲ್ವಾ?"

"ಹೌದ್ರಿ. ಆದ್ರ ಡಾಕ್ಟ್ರ ಹೆಂಡ್ತಿ, ಶೈಲಮ್ಮ ಆಂಟಿ, ನನಗ ಉಡಿ ತುಂಬಿದ್ರು."

ನಮ್ಮ ಮೈಸೂರು ಕಡೆ ಮಡಿಲು ತುಂಬುವುದು ಅನ್ನುತ್ತಾರೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸೆರಗಿನೊಳಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಬಟ್ಟೆ ಹಾಕಿ ಕಳಿಸುತ್ತಾರೆ. ಭೂಮಿಕಾ ಜೀನ್ಸ್ ಹಾಕಿದ್ದಳಂತೆ. ಶೈಲಮ್ಮ ತಮ್ಮದೇ ಒಂದು ಶಾಲು ಹೊದಿಸಿ, ಅದರ ಮಡಿಕೆಯಲ್ಲಿ ಅಕ್ಕಿ ಕಾಯಿ ಖಣದ ನಡುವೆ ಈ ಪೆಟ್ಟಿಗೆಯನ್ನೂ ಇಟ್ಟು ಗಂಟು ಹಾಕಿದರಂತೆ.

"ತುಂಬಿದ ಉಡೀನ ಅವ್ರ ಮುಂದ ಬಿಚ್ಚಿ, ಒಳಗೇನದ ಅಂತ ತಪಾಸ್ ಮಾಡ್ಲಿಕ್ಕೆ ಆಗ್ತದೇನ್ರಿ?" ಎಂದಳು. "ಅದೂ ಆ ಮನ್ಯಾಗ. ಚಳಿಗಾಲದಾಗ ಅವ್ರ ಮಗಾ ರೂಟ್ ಒನ್ ಹೈವೇ ಮ್ಯಾಲ ಕಣ್ಣಿಗೆ ಕಾಣದ ಬ್ಲ್ಯಾಕ್ ಐಸ್‌ಗೆ ಕಾರ್ ಜಾರಿ ತೀರ್ಕೊಂಡಿದ್ದ. ನಾ ಹೋಗಿದ್ದು ಸ್ಪ್ರಿಂಗ್‌ನಾಗ. ಆಂಟಿ ನನ್ನ ಕೈ ಹಿಡಕೊಂಡು ಅತ್ರು. ನಾ ಏನ್ ಬಿಚ್ಚಿ ನೋಡ್ಲಿ?"

ಟೋನಿಗೆ ಇದನ್ನು ಹೇಳಿದಾಗ ಅವನು ನಕ್ಕಿದ್ದನಂತೆ. ಅಕ್ಕಿಯ ಜೊತೆ ಗಂಟು ಕಟ್ಟಿಕೊಂಡು ಚಿನ್ನ ತಂದ ಕನ್ಸರ್ವೇಟರ್ ಎಂದು ಅವನಿಗೆ ತಮಾಷೆ. ನನಗೆ ನಗು ಬರಲಿಲ್ಲ. ನಾನಾಗಿದ್ದರೂ ಬಿಚ್ಚುತ್ತಿರಲಿಲ್ಲ.

"ಇಲ್ಲಿಗೆ ತಂದ ಮೇಲೆ ತೆಗೆದೆಯಲ್ಲ. ಆಗ ಅನುಮಾನ ಬರಲಿಲ್ವಾ?"

"ಬಂತು. ಮೊದಲ ನೋಡಿದಾಗ ರೆಕ್ಕಿ ಸಂದ್ಯಾಗೆಲ್ಲಾ ಮಣ್ಣಿತ್ತು, ಕೆಂಪು ಕಲೆ ಇತ್ತು. ಇದು ಲಕಲಕ ಹೊಳೀತಿತ್ತು. ಆಂಟಿ ಹುಣಸೆಹಣ್ಣು ಹಚ್ಚಿ ತೊಳದಾರ ಅಂತ ತಿಳಕೊಂಡೆ. ನಮ್ಮವ್ವನೂ ಹಬ್ಬಕ್ಕ ಹಂಗ ತೊಳೀತಾಳ." ಅವಳು ಕೈಗವಸು ಕಿತ್ತು ಮೇಜಿನ ಮೇಲೆ ಹಾಕಿದಳು. "ಮಗನ್ನ ಮಣ್ಣು ಮಾಡಿ ಬಂದ ತಾಯಿಗೆ ಫೋನ್ ಮಾಡಿ, ನಿಮ್ಮ ಬಂಗಾರ ಖರೇನೋ ಖೋಟಾನೋ ಅಂತ ಕೇಳಬೇಕಿತ್ತೇನು ನಾ?"

ಕೇಳಬೇಕಿತ್ತು. ಅದನ್ನು ಹೇಳುವ ಮನಸ್ಸಾಗಲಿಲ್ಲ.

ನಾನು ಹಕ್ಕಿಯನ್ನು ಬಿಟ್ಟು ಗೂಡನ್ನು ನೋಡಿದೆ. ಮಖಮಲ್ಲನ್ನು ಹಕ್ಕಿಯ ಆಕಾರಕ್ಕೆ ಸರಿಯಾಗಿ ಕೊರೆದು ಕೂರಿಸಿದ್ದರು. ಆದರೆ ಎರಡೂ ರೆಕ್ಕೆಯ ತುದಿಯಲ್ಲಿ, ಬಾಲದ ಕೆಳಗೆ, ಸುತ್ತಲೂ ಕೂದಲೆಳೆಯಷ್ಟು ಜಾಗ ಖಾಲಿ ಇತ್ತು. ಪೆಟ್ಟಿಗೆ ಅಲುಗಿಸಿದರೆ ಹಕ್ಕಿ ಅಲುಗುತ್ತಿತ್ತು.

"ಗೂಡಿಗಿಂತ ಹಕ್ಕಿ ಸಣ್ಣದು," ಎಂದೆ.

"ಒರಿಜಿನಲ್ ಮ್ಯಾಲಿಂದ ಅಚ್ಚು ತಗದು ಎರಕ ಹೊಯ್ದ್ರ ಕಾಪಿ ಯಾವಾಗ್ಲೂ ಒಂದು ಕೂದಲೆಳೆ ಸಣ್ಣದಾಗ್ತದ. ಲೋಹ ಆರಿದಾಗ ಕುಗ್ತದ. ಅಚ್ಚು ತಗೀಲಿಕ್ಕೆ ಒರಿಜಿನಲ್ ಭಾಳ ಹೊತ್ತು ಕೈಯಾಗಿರಬೇಕು. ನನ್ನ ಕೈಯಾಗ ಅದು ಇದ್ದದ್ದು ಊಟದ ಮೇಜಿನ ಮ್ಯಾಲ ಒಂದ ಸಲ." ಅವಳು ಹಕ್ಕಿಯನ್ನು ಮಗುಚಿದಳು. "ಇನ್ನೊಂದು ನೋಡ್ರಿ. ಹಳೇ ಹಕ್ಕಿಗೆ ದಾರ ಪೋಣಿಸ್ಲಿಕ್ಕೆ ಕೊಂಡಿ ಹಿಂದಿರ್ತದ, ಕುತ್ತಿಗಿ ಹತ್ರ. ಅದು ಇದಕ್ಕೂ ಅದ. ಆದ್ರ ಇಲ್ಲಿ, ಎರಡೂ ತಲಿ ನಡಬರಕ, ಬೆಸುಗೆ ಕಿತ್ತ ಗುರ್ತದ. ಯಾರೋ ಇಲ್ಲೊಂದು ಕೊಂಡಿ ಹಚ್ಚಿದ್ರು, ಆಮ್ಯಾಲ ಪಕ್ಕಡದಾಗ ಹಿಡದು ಕಿತ್ತಾರ."

ತಲೆಯ ಮೇಲೆ ಕೊಂಡಿ ಹಚ್ಚುವುದು ಸರಕ್ಕೆ ಪದಕ ಪೋಣಿಸಲು. ಅದನ್ನು ಹೇಳಲು ಮ್ಯೂಸಿಯಮ್ಮಿನ ಓದು ಬೇಕಿಲ್ಲ, ಯಾವ ಮದುವೆ ಮನೆಯ ಹೆಂಗಸಾದರೂ ಹೇಳುತ್ತಾಳೆ.

"ಮೊದಲನೇ ಸಲ ಹೋದಾಗ ಊಟದ ಮೇಜಲ್ಲಿ ಏನು ಮಾತಾಯ್ತು?"

"ಚಳಿಗಾಲಕ್ಕಿಂತ ಮೊದಲ, ಫಾಲ್‌ನಾಗ ಹೋಗಿದ್ದೆ. ಆಗ ಅವ್ರ ಮಗಾ ಬಸವಕಿರಣ್‌ನೂ ಇದ್ದ. ಈ ಹಕ್ಕಿ ಸತ್ತವ್ರ ಎದಿ ಮ್ಯಾಲ ಇಡ್ತಿದ್ರು, ಸತ್ತವ್ರ ದಾರಿ ಕಾಯ್ತದ ಅಂತ ಕೆಲವ್ರು ಹೇಳ್ತಾರ ಅಂದೆ. ಅವ ನಕ್ಕೋತ 'ಕೂಲ್' ಅಂದ. ಆಂಟಿ ಊಟ ಬಿಟ್ಟು 'ಯಾರ ಎದಿ ಮ್ಯಾಲಿಂದ ತಗದಾರ?' ಅಂತ ಕೇಳಿದ್ರು."

ಆರೋಪಿಯನ್ನು ಕಾರಿನಲ್ಲಿ ಕೂರಿಸಿಕೊಂಡು ದೂರುದಾರನ ಮನೆಗೆ ಹೋಗುವುದು ನಮ್ಮ ಕಂಪನಿಯ ಯಾವ ನಿಯಮದಲ್ಲೂ ಇಲ್ಲ. ನಾನು ಭೂಮಿಕಾಳ ಕೈಗೆ ಕಾರಿನ ಕೀ ಕೊಟ್ಟು "ಡ್ರೈವ್ ಮಾಡು, ಪ್ಲೇನ್ಸ್‌ಬರೋಗೆ, ಡಾಕ್ಟರ ಮನೆಗೆ" ಎಂದೆ.

ಟರ್ನ್‌ಪೈಕ್ ಹೆದ್ದಾರಿಯಲ್ಲಿ ಅವಳು ಓಡಿಸುತ್ತಿದ್ದರೆ ನಾನು ಫೋನಿನಲ್ಲಿ ಕನ್ನಡ ಸಂಘದ ಫೋಟೋ ಆಲ್ಬಂ ತಿರುವುತ್ತಿದ್ದೆ. ನಮ್ಮ ಜನ ಕಳ್ಳತನ ಮುಚ್ಚಿಟ್ಟಾರು, ರಾಜ್ಯೋತ್ಸವದ ಫೋಟೋ ಮುಚ್ಚಿಡಲಾರರು. ಚಿತ್ರಾನ್ನದ ತಟ್ಟೆಗಳು, ನಾಡಗೀತೆಗೆ ಎದ್ದು ನಿಂತ ಮಕ್ಕಳು, ಶಾಲು ಹೊದಿಸಿಕೊಂಡ ಅಧ್ಯಕ್ಷರು. ಎಡಿಸನ್ ಊರು ದಾಟುವಷ್ಟರಲ್ಲಿ ಸಿಕ್ಕಿತು.

ಶೈಲಮ್ಮ ಹಳದಿ ಸೀರೆ, ಕೆಂಪು ರವಿಕೆಯಲ್ಲಿ ದೀಪ ಹಚ್ಚುತ್ತಿದ್ದಾರೆ. ಪಕ್ಕದಲ್ಲಿ ಮುರುಗೆಪ್ಪ ಎದೆಯುಬ್ಬಿಸಿ ನಿಂತಿದ್ದಾರೆ. ಹೆಂಡತಿಯ ಕೊರಳಲ್ಲಿ ಸರ, ಸರದಲ್ಲಿ ಎರಡು ತಲೆಯ ಹಕ್ಕಿ. ಫೋಟೋ ದೊಡ್ಡದು ಮಾಡಿದೆ. ಸರ ಹಾದುಹೋಗಿದ್ದು ಎರಡು ತಲೆಗಳ ನಡುವಿನ ಕೊಂಡಿಯಲ್ಲಿ. ಭೂಮಿಕಾ ಆ ಮನೆಯ ಬಾಗಿಲು ತುಳಿಯುವುದಕ್ಕಿಂತ ಎರಡು ವರ್ಷ ಮೊದಲಿನ ಫೋಟೋ ಅದು.

"ಕಾಪಿ ಅವರ ಮನೇಲೇ ಇತ್ತು," ಎಂದೆ.

ಭೂಮಿಕಾಳ ಕಣ್ಣಲ್ಲಿ ನೀರು ಬಂದಿತ್ತು. ಮುಂದೆ ಟ್ರಕ್ಕು ಇದ್ದುದರಿಂದ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮುರುಗೆಪ್ಪನವರ ಮನೆ ಐಟಿಯವರ ಅಪಾರ್ಟ್‌ಮೆಂಟುಗಳ ಸಾಲು ಮುಗಿದ ಮೇಲೆ ಒಂದು ತಿರುವಿನಲ್ಲಿತ್ತು. ಭೂಮಿಕಾಳನ್ನು ಕಾರಿನಲ್ಲೇ ಇರಲು ಹೇಳಿ ನಾನೊಬ್ಬಳೇ ಹೋದೆ. ಬಾಗಿಲು ತೆಗೆದವರು ಶೈಲಮ್ಮ. ಹಣೆಯಲ್ಲಿ ವಿಭೂತಿ, ಮೈಮೇಲೆ ಮಗನದಿರಬೇಕು, ಯಾವುದೋ ಕಾಲೇಜಿನ ಹೆಸರಿದ್ದ ದೊಗಳೆ ಸ್ವೆಟ್‌ಶರ್ಟ್. "ಬರ್ರಿ, ಚಹಾ ಇಡ್ತೀನಿ," ಎಂದು ಒಳಗೆ ಹೋದರು.

ಡಾಕ್ಟರು ಹಾಲ್‌ನಲ್ಲಿ ಕೂತಿದ್ದರು. ಹಿಂದಿನ ಗೋಡೆಯಲ್ಲಿ ಬಸವಕಿರಣ್‌ನ ಫೋಟೋ, ಪದವಿಯ ಟೋಪಿ, ಅರೆಬರೆ ನಗು, ಅದಕ್ಕೊಂದು ಹಾರ. ಡಾಕ್ಟರು ಕೂತ ಕುರ್ಚಿ ಫೋಟೋಗೆ ಬೆನ್ನು ಹಾಕಿತ್ತು.

"ಕ್ಲೇಮ್ ಎಲ್ಲೀತನ ಬಂತ್ರಿ?" ಎಂದರು.

ನಾನು ಫೋನ್ ಮುಂದೆ ಹಿಡಿದೆ. "ಈ ಪದಕ ಯಾವುದು ಡಾಕ್ಟ್ರೇ?"

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಎಷ್ಟೋ ರೋಗಿಗಳಿಗೆ ಕೆಟ್ಟ ಸುದ್ದಿ ಹೇಳಿ ಪಳಗಿದ ಮುಖ.

"ಕಾಪಿ. ಜ್ಯಾಕ್ಸನ್ ಹೈಟ್ಸ್‌ನ ಬಂಗಾರದ ಅಂಗಡ್ಯಾಗ ಮಾಡಿಸಿದ್ದೆ. ಒರಿಜಿನಲ್ ಹಾಕ್ಕೊಂಡು ಅಡ್ಡಾಡ್ಲಿಕ್ಕೆ ಆಗ್ತದೇನು?"

"ಮ್ಯೂಸಿಯಮ್ಮಿನ ಮೇಜಿನ ಮೇಲೆ ನೀವು ನೋಡಿದ್ದು ಇದನ್ನೇ."

"ಇರಬಹುದು."

"ಇರಬಹುದು ಅಲ್ಲ. ನಿಮ್ಮ ಹಕ್ಕಿ ಅಲ್ಲ ಅಂತ ನೋಡಿದ ಕೂಡಲೇ ಹೇಳಿದ್ರಿ. ನಿಮ್ಮದೇ ಕಾಪಿ ಅಂತಲೂ ಆಗಲೇ ಗೊತ್ತಾಯ್ತು. ಅದನ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಒಬ್ಬ ಹುಡುಗಿಯ ಬದುಕು ಮುಳುಗುವುದನ್ನು ನೋಡುತ್ತಾ ಕೂತು, ಕೇಳಲಿಲ್ಲ ಎಂಬ ಒಂದು ಮಾತಿನ ಹಿಂದೆ ಅಡಗಿಕೊಂಡ ಆ ಮನುಷ್ಯನ ಮೇಲೆ ನನಗೆ ಹೇಸಿಗೆಯಾಯಿತು.

"ನೋಡ್ರಿ ತಾರಿಣಿಯವರ," ಎಂದರು ಡಾಕ್ಟರು, ತಾಳ್ಮೆಯಿಂದ. "ಕಾಪಿ ನಮ್ಮನ್ಯಾಗಿತ್ತು ಅಂದ ಕೂಡ್ಲೆ ಆ ಹುಡುಗಿ ಕದ್ದಿಲ್ಲ ಅಂತ ಆಗಂಗಿಲ್ಲ. ಅವತ್ತು ಉಡಿ ತುಂಬ್ಲಿಕ್ಕೆ ಒಳಗಿನ ಖೋಲ್ಯಾಗ ಕರಕೊಂಡು ಹೋಗಿದ್ಲು ನಮ್ಮಾಕಿ. ಹಾಸಿಗಿ ಮ್ಯಾಲ ಇಕಿ ಬಂಗಾರದ ದಾಗಿನ ಡಬ್ಬಿ ತೆರದಿತ್ತು. ಒರಿಜಿನಲ್ ಕೈಗೆ ಕೊಟ್ವಿ, ಕಾಪಿ ಆ ಹುಡುಗಿ ತಾನ ಎತ್ತಿಕೊಂಡ್ಲು. ಒಂದು ಮಾರಿದ್ಲು, ಒಂದು ಗೂಡಿನ್ಯಾಗ ಇಟ್ಲು. ಸಿಂಪಲ್. ಒರಿಜಿನಲ್ ಎಲ್ಲೈತಿ ತೋರಸ್ರಿ, ನಾ ಕೈಮುಗಿದು ಮಾಫಿ ಕೇಳ್ತೀನಿ."

ಅಲ್ಲಿಗೆ ನಾನು ಮತ್ತೆ ಹೊರಟಲ್ಲಿಗೇ ಬಂದು ನಿಂತೆ. ನಿಜವಾದ ಹಕ್ಕಿ ಸಿಗುವವರೆಗೂ ಭೂಮಿಕಾ ಕಳ್ಳಿಯೇ.

ಶೈಲಮ್ಮ ಚಹಾ ತಂದರು. ಬಟ್ಟಲು ನನ್ನ ಮುಂದಿಟ್ಟು ಹೊರಡುವವರಿದ್ದರು.

"ಅಮ್ಮ, ಒಂದು ನಿಮಿಷ," ಎಂದೆ. "ಆ ಹುಡುಗಿಗೆ ಉಡಿ ಯಾಕೆ ತುಂಬಿದ್ರಿ?"

"ಹೆಣ್ಣುಮಗಳು ಮನೀಗೆ ಬಂದ್ರ ಬರಿಗೈಲೆ ಕಳಸ್ತಾರೇನ್ರಿ?"

"ಕಳಿಸಲ್ಲ. ಅಕ್ಕಿ ಹಾಕಿದ್ರಿ, ಕಾಯಿ ಹಾಕಿದ್ರಿ, ಖಣ ಹಾಕಿದ್ರಿ. ಸರಿ. ಪೆಟ್ಟಿಗೆ ಯಾಕೆ ಹಾಕಿದ್ರಿ?"

ಅವರು ಬಟ್ಟಲನ್ನು ನನ್ನ ಕಡೆ ಇನ್ನಷ್ಟು ಸರಿಸಿದರು.

"ಉಡಿಯೊಳಗೆ ಹಾಕಿದ್ದನ್ನ ವಾಪಸ್ ಕೇಳೋ ಹಾಗಿಲ್ಲ. ನಮ್ಮ ಕಡೆ ಹಾಗೆ. ನಿಮ್ಮ ಕಡೆ?"

"ನಮ್ಮ ಕಡೀನೂ ಹಂಗ."

"ಹಕ್ಕೀನ ಮ್ಯೂಸಿಯಮ್ಮಿಗೆ ಕೊಟ್ಟಿದ್ದು ಕಡ. ಆರು ತಿಂಗಳಿಗೆ ವಾಪಸ್ ಬರೋ ಸಾಮಾನು. ಕಡ ಕೊಡೋದನ್ನ ಯಾರೂ ಉಡಿಯಲ್ಲಿ ಹಾಕಲ್ಲ, ನೀವಂತೂ ಹಾಕಲ್ಲ. ಆ ಹುಡುಗಿ ಬಾಕ್ಸ್ ತೆಗೆದು ನೋಡಬಾರದು ಅಂತ ಹಾಕಿದ್ರಿ. ನಿಮ್ಮೆದುರಿಗೆ ಉಡಿ ಬಿಚ್ಚಲ್ಲ ಅಂತ ನಿಮಗೆ ಗೊತ್ತಿತ್ತು. ಧಾರವಾಡದ ಹುಡುಗಿ ಅಂತ ಗೊತ್ತಿದ್ದಕ್ಕೇ ಹಾಕಿದ್ರಿ."

"ಏ, ಏನ್ ಮಾತಾಡ್ತೀರಿ ನೀವು," ಎಂದು ಡಾಕ್ಟರು ಎದ್ದರು.

"ಕೂಡ್ರಿ," ಎಂದರು ಶೈಲಮ್ಮ. ಗಂಡನಿಗೆ ಅವರು ಆ ದನಿಯಲ್ಲಿ ಹೇಳಿದ್ದು ಅದೇ ಮೊದಲಿರಬೇಕು. ಡಾಕ್ಟರು ಕೂತರು.

"ಕಾಪಿ ನನ್ನದು," ಎಂದರು ಶೈಲಮ್ಮ ನನ್ನ ಕಡೆ ತಿರುಗಿ. "ಕೊಂಡಿ ಕಿತ್ತು, ಉಡ್ಯಾಗ ಹಾಕಿ, ಆ ಹುಡುಗಿಗೆ ಮನಸಾರೆ ಕೊಟ್ಟೀನಿ. ಮ್ಯೂಸಿಯಮ್‌ನಾಗ ಇಡ್ತಾರ, ಜನಾ ನೋಡ್ತಾರ, ಹೊಳ್ಳಿ ಬಂದ್ರ ಇವ್ರು ತಿಜೋರ್ಯಾಗ ಇಡ್ತಾರ. ಯಾರಿಗೂ ತಿಳ್ಯಾಂಗಿಲ್ಲ ಅಂದ್ಕೊಂಡಿದ್ದೆ. ಇವ್ರಿಗೆ ಹೆಂಡ್ತಿ ಮಾರಿ ಮ್ಯಾಲಿನ ಕಲೆ ಗೊತ್ತಿಲ್ಲ. ಹಕ್ಕಿ ಮ್ಯಾಲಿನ ಕಲೆ ಇಷ್ಟು ಗೊತ್ತಿರ್ತದ ಅಂತ ನನಗೇನು ಗೊತ್ತು."

"ನಿಜವಾದದ್ದು ಎಲ್ಲಿದೆ ಅಮ್ಮ?"

ಅವರು ಗೋಡೆಯ ಮೇಲಿನ ಫೋಟೋ ನೋಡಿದರು.

"ಅವನ ಹತ್ರ ಐತಿ."

ಲಿಂಗಾಯತರು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅದು ನನಗೆ ತಿಳಿದೇ ಇತ್ತು. ಬೆಳಿಗ್ಗೆಯಿಂದ ಗೋರಿಯ ಚಿನ್ನವನ್ನು ನೋಡುತ್ತಾ ಕೂತಿದ್ದರೂ ಅದು ನೆನಪಿಗೆ ಬರದೆ ಹೋಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಫ್ಯೂನರಲ್ ಹೋಮ್‌ನಾಗ ಹೊರಗಿನ ಮಂದಿ ಎಲ್ಲಾ ಹೋದ ಮ್ಯಾಲ ಸ್ವಲ್ಪ ಹೊತ್ತು ನನ್ನೊಬ್ಬಾಕಿನ್ನ ಬಿಟ್ಟಿದ್ರು," ಎಂದರು ಶೈಲಮ್ಮ. "ಇಷ್ಟಲಿಂಗ ಕೈಯಾಗಿಟ್ಟಿದ್ವಿ. ವಿಭೂತಿ, ಪತ್ರಿ ಎಲ್ಲಾ ಆಗಿತ್ತು. ಆದ್ರೂ ನನಗ ಸಮಾಧಾನ ಆಗಲಿಲ್ಲ. ನಮ್ಮೂರಾಗಾಗಿದ್ರ ಅವನ ಅಜ್ಜನ ಬಾಜೂಕ ಇರ್ತಿದ್ದ, ಮುತ್ತಜ್ಜನ ಬಾಜೂಕ ಇರ್ತಿದ್ದ. ಇಲ್ಲಿ ಅವಗ ಯಾರ ಗುರ್ತದಾರ? ಬಾಜೂಕ ಇರೂದು ಯಾರೋ ಇಟಲಿಯವ್ರು. ಆ ಹುಡುಗಿ ಹೇಳಿತ್ತು, ಇದು ದಾರಿ ಕಾಯೂ ಹಕ್ಕಿ ಅಂತ. ಯಾರೋ ತಾಯಿ ತನ್ನ ಮಗನ ಎದಿ ಮ್ಯಾಲ ಇಟ್ಟಿದ್ದಿರಬೇಕು, ಅದನ್ನ ಕಿತ್ತುಕೊಂಡು ಬಂದು ನಾವು ರಾಜ್ಯೋತ್ಸವಕ್ಕ ಕುಣದಿವಿ. ಅದಕ್ಕ ನಾನೂ ನನ್ನ ಮಗನ ಎದಿ ಮ್ಯಾಲ ಇಟ್ಟೆ. ಅಂಗಿ ಗುಂಡಿ ತಗದು, ಒಳಗ."

ಚಹಾ ಆರಿತ್ತು. ನಾನು ಅದನ್ನು ಮುಟ್ಟಲಿಲ್ಲ.

ಡಾಕ್ಟರು ತಿರುಗಿ ಫೋಟೋ ನೋಡುತ್ತಾರೆ ಎಂದುಕೊಂಡೆ. ಅಳುತ್ತಾರೆ, ಅಥವಾ ಬೈಯುತ್ತಾರೆ ಎಂದುಕೊಂಡೆ. ಅವರು ಹೆಂಡತಿಯನ್ನು ಕೇಳಿದರು.

"ಅಂಗಿ ಒಳಗ ಅಂದಿ. ಅರಿವಿ ಸುತ್ತೀಯೋ, ಹಂಗ ಇಟ್ಟೀಯೋ?"

ಕೋಸ್ಟರಿಕಾದ ಆ ಹಳೆಯ ಗೋರಿಯನ್ನು ಅಗೆದವರೂ ಒಬ್ಬರನ್ನೊಬ್ಬರು ಇಂಥದ್ದನ್ನೇ ಕೇಳಿಕೊಂಡಿರಬೇಕು.

"ಮಗಾ ಹ್ವಾದ," ಎಂದರು ಡಾಕ್ಟರು. ದನಿ ಒಂದು ಕ್ಷಣ ಒಡೆಯಿತು, ಅದನ್ನು ನಾನು ಸುಳ್ಳು ಅನ್ನಲಾರೆ. "ಹಕ್ಕಿನೂ ಹೋಗಬೇಕೇನು? ಮಣ್ಣಾಗ ಇಟ್ರ ಅವ ಹೊಳ್ಳಿ ಬರ್ತಾನೇನು?" ಅಷ್ಟು ಹೇಳಿ ಫೋನ್ ಎತ್ತಿಕೊಂಡು ಸ್ಮಶಾನದ ಆಫೀಸಿನ ನಂಬರ್ ಹುಡುಕತೊಡಗಿದರು.

"ಹಾಗೆ ಅಗೆಯೋಕೆ ಆಗಲ್ಲ ಡಾಕ್ಟ್ರೇ," ಎಂದೆ. "ಮದುವೆ ಆಗಿರಲಿಲ್ಲ ಅಲ್ವಾ? ತಂದೆ ತಾಯಿ ಇಬ್ಬರೂ ಒಪ್ಪಿ ಸಹಿ ಹಾಕಬೇಕು."

"ನಾ ಹಾಕಂಗಿಲ್ಲ," ಎಂದರು ಶೈಲಮ್ಮ.

"ಹಾಕಬೇಕು ನೀ."

"ಹಾಕಂಗಿಲ್ಲ ಅಂದೆ. ಒಮ್ಮೆ ಮಣ್ಣು ಹಾಕೀನಿ ಅವನ ಮ್ಯಾಲ. ಎರಡನೇ ಸಲ ಅವನ ಮಾರಿ ನೋಡೂ ಶಕ್ತಿ ನನಗಿಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮಾತಾಡಿದ್ದು ಹೆಂಡತಿಯ ಜೊತೆಗಲ್ಲ, ನನ್ನ ಜೊತೆ. "ಕೇಳ್ರಿ. ಇಕಿ ಸಹಿ ಹಾಕಿದ್ಲು, ಹಕ್ಕಿ ಬಂತು, ನಾ ಕ್ಲೇಮ್ ವಾಪಸ್ ತಗೋತೀನಿ, ಹುಡುಗಿ ಆರಾಮ ಮನೀಗೆ ಹೋಗ್ಲಿ. ಹಾಕಲಿಲ್ಲ ಅಂದ್ರ, ಇಕಿ ಇಲ್ಲಿ ಹೇಳಿದ್ದು ಯಾವುದೂ ಖರೆ ಅಲ್ಲ. ಮಗಾ ಹೋದಾಗಿಂದ ಇಕಿ ಗುಳಿಗಿ ಮ್ಯಾಲ ಅದಾಳ. ತಲಿ ಸರಿ ಇಲ್ಲ. ನಾ ಡಾಕ್ಟರ್ ಅದೀನಿ, ನಾನ ಬರಕೊಡ್ತೀನಿ."

ಅವರು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಶೈಲಮ್ಮನ ಮಾತನ್ನು ನಾನು ಅಕ್ಷರ ಬಿಡದೆ ಬರೆದುಕೊಟ್ಟರೂ ಅದರ ಕೆಳಗೆ ಅವರಿಗೆ ತಲೆ ಸರಿ ಇಲ್ಲವೆಂದು ಒಬ್ಬ ಡಾಕ್ಟರ ಸಹಿ ಬಿದ್ದರೆ ಟೋನಿ ಯಾರನ್ನು ನಂಬುತ್ತಾನೆ ಎಂದು ನನಗೆ ಗೊತ್ತಿತ್ತು. ನನ್ನ ಕಂಪನಿಗಂತೂ ಬೇಕಿರುವುದು ವಸ್ತು. ಕಥೆಯನ್ನು ಅದು ಯಾವತ್ತೂ ಕೊಂಡಿಲ್ಲ.

"ಯಾವ ಹುಡುಗಿ?" ಎಂದರು ಶೈಲಮ್ಮ.

ಡಾಕ್ಟರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

"ಹುಡುಗಿ ಆರಾಮ ಮನೀಗೆ ಹೋಗ್ಲಿ ಅಂದ್ರಿ. ಯಾವ ಹುಡುಗಿ? ಯಾಕ, ಅಕಿಗೇನಾಗೇತಿ?"

ಆಗ ನನಗೆ ಅರ್ಥವಾಯಿತು. ಈ ಮನೆಯಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಏನೋ ಕಳೆದಿದೆ, ಇನ್ಶೂರೆನ್ಸಿನವರು ಬರುತ್ತಾರೆ, ಚಹಾ ಮಾಡು. ಇಷ್ಟೇ ಅವರಿಗೆ ಸಿಕ್ಕ ಸುದ್ದಿ. ಹಾಗಾಗಿ ನಾನು ಹೇಳಿದೆ. ಕೆಲಸ, ವೀಸಾ, ಸೋಮವಾರ, ಪೊಲೀಸು. ಒಂದನ್ನೂ ಮೆತ್ತಗೆ ಮಾಡಲಿಲ್ಲ.

ಶೈಲಮ್ಮ ನಿಂತಲ್ಲೇ ಸ್ವೆಟ್‌ಶರ್ಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಉಡಿ ತುಂಬಿ ಕಳಿಸಿದ ಹುಡುಗಿ ಮ್ಯಾಲ ಕಳವು ಹೊರಿಸೀರೇನ್ರಿ?" ಎಂದು ಗಂಡನನ್ನು ಕೇಳಿದರು. ಡಾಕ್ಟರು ಕಿಟಕಿಯ ಆಚೆ ನೋಡಿದರು. ಶೈಲಮ್ಮ ನನ್ನ ಕಡೆ ತಿರುಗಿದರು. "ಎಲ್ಲಿದಾಳ ಅಕಿ?"

"ಹೊರಗೆ ಕಾರಲ್ಲಿ," ಎಂದೆ.

"ಕರೀರಿ."

ಭೂಮಿಕಾ ಬಂದು ಬಾಗಿಲಲ್ಲಿ ಶೂ ಬಿಟ್ಟಳು. ಒಳಗೆ ಹೆಜ್ಜೆ ಇಡುವ ಮೊದಲು ಡಾಕ್ಟರ ಮುಖ ನೋಡಿ ನಿಂತಳು. ಅಷ್ಟರಲ್ಲಿ ಶೈಲಮ್ಮನೇ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ಮಗನ ಫೋಟೋದ ಕೆಳಗೆ ತಂದು ನಿಲ್ಲಿಸಿದರು. ಹಕ್ಕಿ ಎಲ್ಲಿದೆ ಎಂದು ಅವರೇ ಹೇಳಿದರು, ಎಲ್ಲ ಸೇರಿ ನಾಲ್ಕು ಮಾತಿನಲ್ಲಿ.

ಹಿಂದೆ ಡಾಕ್ಟರಿಗೆ ಸ್ಮಶಾನದ ಆಫೀಸಿನ ಲೈನ್ ಸಿಕ್ಕಿತ್ತು. "ಯೆಸ್, ಐ ವಿಲ್ ಹೋಲ್ಡ್," ಎಂದು ಅವರು ಹೇಳುವುದು ನಮಗೆಲ್ಲ ಕೇಳಿಸಿತು.

"ದಾರಿ ಕಾಯ್ತದ ಅಂತ ನೀನ ಹೇಳಿದ್ದಿ ತಂಗಿ," ಎಂದರು ಶೈಲಮ್ಮ. "ನಿನ್ನ ಮಾತು ನಂಬಿ ಇಟ್ಟೀನಿ. ಈಗ ಅದನ್ನ ತಗೀಲಿಲ್ಲಂದ್ರ ನೀ ಹೋಗ್ತಿ, ತಗದ್ರ ಅವನ್ನ ಎಬ್ಬಸ್ತಾರ. ಇವ್ರು ಹೇಳಿದ್ರ ನಾ ಸಹಿ ಹಾಕಂಗಿಲ್ಲ. ಪೊಲೀಸ್ರು ಹೇಳಿದ್ರೂ ಹಾಕಂಗಿಲ್ಲ. ನೀ ಹೇಳಿದ್ರ ಹಾಕ್ತೀನಿ."

ಭೂಮಿಕಾ ನನ್ನ ಕಡೆ ನೋಡಿದಳು. ಹೂಂ ಅನ್ನು ಎಂದು ಹೇಳಲು ನನಗೆ ಎಲ್ಲ ಕಾರಣವೂ ಇತ್ತು. ನಾನು ತಲೆ ತಗ್ಗಿಸಿ ಆರಿದ ಚಹಾ ನೋಡುತ್ತಾ ಕೂತೆ.

"ನನ್ನ ಮಾರಿ ನೋಡಿ ಹೇಳು," ಎಂದರು ಶೈಲಮ್ಮ. "ನನ್ನ ಮಗನ್ನ ಅಗಸಲೇನು?"